ಪಡಸಾಲೆಯ ಮಾತು: ಗಾಲಿಗೆ ಬಳೆ

“ಕಾಕಾ, ಬರೋ ಐತವಾರ ನಮ್ಮ ಮನ್ಯಾಗ ಬಳಿ ತೊಡಸೋ ಕಾರ್ಯಕ್ರಮ ಅದ. ನೀವೂ ಕಾಕೂನೂ ಬರಲಿಕ್ಕೇ ಬೇಕು.”

ಕೆಳಗಿನ ಮನೆಯ ರಾಯರ ಮಗ ಮೆಟ್ಟಿಲ ಮೇಲಿಂದ ಹೀಗೆ ಕೂಗಿ ಹೋದಾಗ ನಮ್ಮ ಮನೆಯಲ್ಲಿ ಉಂಟಾದ ಸಂಭ್ರಮ ಇಷ್ಟೆಂದು ಹೇಳತೀರದು. ರಾಯರಿಗೆ ಸೊಸೆ ಬಂದು ಎರಡು ವರ್ಷವಾಯಿತು. ಶುಭ ಸಮಾಚಾರವಲ್ಲದೆ ಬೇರೇನಿದ್ದೀತು? ನಮ್ಮ ಮನೆಯಾಕೆ ಒಡನೆಯೇ ಕಾಗದ ತೆಗೆದು ಹಸಿರು ಬಳೆ, ಕುಪ್ಪಸದ ಕಣ, ಐದು ಬಗೆಯ ಹಣ್ಣು ಎಂದು ಪಟ್ಟಿ ಹಾಕತೊಡಗಿದರು. ಪುಣೆಯಲ್ಲಿ ಮೂವತ್ತು ವರ್ಷ ಕಳೆದರೂ ಇಂಥ ಪಟ್ಟಿಗಳು ಅವರ ಬೆರಳ ತುದಿಯಿಂದ ಕನ್ನಡದಲ್ಲಿಯೇ ಇಳಿಯುತ್ತವೆ.

ಸಂಜೆ ನಿಜಸ್ಥಿತಿ ತಿಳಿಯಿತು. ಬಳೆ ತೊಡಿಸುವುದು ಸೊಸೆಗಲ್ಲ, ಜೀಪಿನ ಗಾಲಿಗೆ! ‘ಬೀಡ್‌ಲಾಕ್ ರಿಂಗು’ ಎಂಬ ಉಕ್ಕಿನ ಬಳೆಗಳು ಪಾರ್ಸಲ್ಲಿನಲ್ಲಿ ಬಂದಿದ್ದವು. ನಾಲ್ಕು ಗಾಲಿಗೆ ನಾಲ್ಕು ಜೊತೆ. ಗಾಲಿಯೊಂದಕ್ಕೆ ೨೪ರಂತೆ ಒಟ್ಟು ೯೬ ಬೋಲ್ಟು. ಮನೆಯಾಕೆ ತಮ್ಮ ಪಟ್ಟಿಯನ್ನು ಮಡಿಚಿ ಸಾಂಬಾರು ಡಬ್ಬಿಯ ಕೆಳಗಿಟ್ಟು, “ಇದೇನು ಹಳಸುವ ಪದಾರ್ಥವಲ್ಲ, ಎಂದಾದರೂ ಬೇಕಾದೀತು” ಎಂದರು.

ಕುಟುಂಬ ಪತ್ರಿಕೆಯ ಪಡಸಾಲೆಯಲ್ಲಿ ಜೀಪಿನ ಗಾಲಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಕೆಲಸ ಉಂಟು. ಇಂದು ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತ ಮಕ್ಕಳು ಭಾನುವಾರ ಬಂತೆಂದರೆ ಜೀಪು ಏರಿ, ದಾರಿಯಿಲ್ಲದ ಗುಡ್ಡವನ್ನೇ ಹುಡುಕಿಕೊಂಡು ಹೋಗುತ್ತಾರೆ. ಮನೆಯ ಹಿರಿಯರಿಗೆ ಆ ಹವ್ಯಾಸದ ತಲೆಬುಡ ತಿಳಿಯುವುದಿಲ್ಲ. ತಿಳಿಯದ್ದನ್ನು ಬೈಯುವುದು ಸುಲಭವಾದ್ದರಿಂದ ಬೈಯುತ್ತಾರೆ. ನಾವೂ ಬೈದವರೇ. ಆದರೆ ಆ ಎರಡು ಭಾನುವಾರಗಳಲ್ಲಿ ನಾವು ಕಂಡದ್ದು ಬೇರೆ. ಅಲ್ಲಿ ಒಂದು ಜೀವ ಹೋಗಬಹುದಿತ್ತು, ಹೋಗಲಿಲ್ಲ. ಹೋಗಬಹುದಾಗಿದ್ದ ಕ್ಷಣದಲ್ಲಿ ‘ಹೂಂ, ಆಗಲಿ’ ಎಂದವರು ನಾವೇ. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನೇ ಬರೆಯುವುದು ನ್ಯಾಯವೆಂದು ತೋರಿತು.

ಮೊದಲು ಈ ಬಳೆ ಏಕೆ ಬೇಕೆಂಬುದನ್ನು ನಮಗೆ ಅರ್ಥವಾದ ಮಟ್ಟಿಗೆ ಹೇಳುತ್ತೇವೆ.

ಟಯರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಗಳನ್ನು ಹುದುಗಿಸಿದ ದಪ್ಪನೆಯ ಕಟ್ಟು ಇರುತ್ತದೆ. ಅದಕ್ಕೆ ‘ಬೀಡ್’ ಎಂದು ಹೆಸರು. ಕನ್ನಡದಲ್ಲಿ ಬೀಡು ಎಂದರೆ ತಂಗುವ ಠಾವಲ್ಲವೇ? ಟಯರು ಗಾಲಿಯ ಮೇಲೆ ತಂಗುವ ಠಾವೂ ಅದೇ ಆಗಿರುವುದು ಒಂದು ಸೊಗಸಾದ ಆಕಸ್ಮಿಕ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಎಂಬಾತ ಗಾಳಿಯ ಟಯರಿಗೆ ಪೇಟೆಂಟು ಪಡೆದನಷ್ಟೆ. ಅದು ಗಾಲಿಯ ಮೇಲೆ ಗಟ್ಟಿಯಾಗಿ ಕೂರುವ ಉಪಾಯ ಎರಡು ವರ್ಷ ತಡವಾಗಿ, ೧೮೯೦ರಲ್ಲಿ ಬಂತು. ಟಯರಿನ ಅಂಚಿನಲ್ಲಿ ತಂತಿ ಇಡುವ ಕ್ರಮವನ್ನು ಆಗ ಪೇಟೆಂಟು ಮಾಡಿದವನು ವೆಲ್ಚ್ ಎಂಬಾತ. ಇಂದಿಗೂ ನಮ್ಮ ನಿಮ್ಮ ಮೋಟಾರುಗಳ ಟಯರು ಗಾಲಿಗೆ ಅಂಟಿಕೊಂಡಿರುವುದು ಯಾವ ಮೊಳೆಯಿಂದಲೂ ಅಲ್ಲ. ಒಳಗಿನ ಗಾಳಿ ಆ ಅಂಚನ್ನು ರಿಮ್ಮಿನ ಗೋಡೆಗೆ ಒತ್ತಿ ಹಿಡಿದಿರುತ್ತದೆ, ಅಷ್ಟೆ. ಗಾಳಿ ಕಡಮೆಯಾದರೆ ಹಿಡಿತವೂ ಕಡಮೆ.

ಹಾಗಾದರೆ ಗಾಳಿ ಕಡಮೆ ಮಾಡುವುದೇಕೆ? ಇಲ್ಲಿಯೇ ಈ ಹುಡುಗರ ಗುಟ್ಟು ಇರುವುದು. ಜೀಪಿನ ಒಂದು ಗಾಲಿಯ ಮೇಲೆ ಸುಮಾರು ೪೦೦ ಕಿಲೋ, ಅಂದರೆ ೮೮೦ ಪೌಂಡು ಭಾರ ಬೀಳುತ್ತದೆಂದು ಇಟ್ಟುಕೊಳ್ಳಿ. ಟಯರಿನಲ್ಲಿ ಚದರ ಅಂಗುಲಕ್ಕೆ ೩೦ ಪೌಂಡು ಗಾಳಿ ಇದ್ದರೆ ಅದು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಮೆ ೩೦ ಚದರ ಅಂಗುಲ. ಗಾಳಿಯನ್ನು ೧೦ ಪೌಂಡಿಗೆ ಇಳಿಸಿದರೆ ಅದೇ ಲೆಕ್ಕದಲ್ಲಿ ೮೮ ಚದರ ಅಂಗುಲ. ಟಯರಿನ ಪಕ್ಕದ ಬಿಗುವು ತಾನೂ ಸ್ವಲ್ಪ ಭಾರ ಹೊರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಮೆ ಬರುತ್ತದೆ. ಆದರೆ ಲೆಕ್ಕದ ದಿಕ್ಕು ಇದೇ. ಅಂಗಾಲು ಅಗಲವಾದ ಆನೆ ಕೆಸರಿನಲ್ಲಿ ನಡೆದುಹೋಗುತ್ತದೆ. ಚೂಪು ಹಿಮ್ಮಡಿಯ ಬೂಟು ಹೂತುಕೊಳ್ಳುತ್ತದೆ. ಮೆತ್ತಗಾದ ಟಯರು ಕೆಸರಿನ ಮೇಲೆ ಹರಡಿಕೊಳ್ಳುತ್ತದೆ, ಕಲ್ಲನ್ನು ಹಿಟ್ಟಿನ ಕಣಕದಂತೆ ತಬ್ಬಿಕೊಳ್ಳುತ್ತದೆ. ಲಿಬಿಯಾದ ಮರುಭೂಮಿಯಲ್ಲಿ ಮೋಟಾರು ಓಡಿಸಿ ಹೆಸರಾದ ಬ್ಯಾಗ್ನೋಲ್ಡ್ ಮೊದಲಾದವರು ೧೯೨೦, ೩೦ರ ದಶಕಗಳಲ್ಲಿಯೇ ಮರಳಿಗೆ ಗಾಳಿ ಇಳಿಸುವ ಈ ಯುಕ್ತಿಯನ್ನು ಬಳಸಿದ್ದರು.

ಆದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಪ್ರಕೃತಿ ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುತ್ತದೆ. ಗಾಳಿ ಇಳಿಸಿದ ಟಯರು ಓರೆಯಾದ ಕಲ್ಲಿಗೆ ಸಿಕ್ಕಿ ತಿರುಗಿದಾಗ ಅದರ ಅಂಚು ರಿಮ್ಮಿನಿಂದ ಜಾರಿ ‘ಫುಸ್’ ಎಂದುಬಿಡುತ್ತದೆ. ಘಟ್ಟದ ಹಳ್ಳದಲ್ಲಿ, ಮಳೆಯಲ್ಲಿ, ಹಾಗೆ ಜಾರಿದ ಗಾಲಿಯನ್ನು ಸರಿಪಡಿಸುವ ಕಷ್ಟ ಪಟ್ಟವರಿಗೇ ಗೊತ್ತು. ಅದಕ್ಕೆ ಪರಿಹಾರವೇ ಈ ಬಳೆ. ಟಯರಿನ ಹೊರಗಡೆಯ ಅಂಚನ್ನು ರಿಮ್ಮಿಗೆ ಬೆಸೆದ ಒಂದು ಬಳೆ ಮತ್ತು ಅದರ ಮೇಲೆ ಕೂರುವ ಇನ್ನೊಂದು ಬಳೆ ಇವುಗಳ ನಡುವೆ ಇಟ್ಟು, ಸುತ್ತಲೂ ಬೋಲ್ಟುಗಳಿಂದ ಅಡಕೊತ್ತಿನಂತೆ ಕಚ್ಚಿಸಿಬಿಡುವುದು. ಆಮೇಲೆ ಗಾಳಿ ಎಂಟು ಹತ್ತು ಪೌಂಡಿಗೆ ಇಳಿದರೂ ಆ ಅಂಚು ಜಗ್ಗದು. ಈ ವಿಚಾರವೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಜೀಪುಗಳಿಗೆ ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿದ ಗಾಲಿಯಿತ್ತು. ಟಯರಿನ ಎರಡೂ ಅಂಚುಗಳನ್ನು ಒತ್ತಿ ಹಿಡಿಯಲು ಅದರೊಳಗೆ ಒಂದು ಉಕ್ಕಿನ ಬಳೆಯಿತ್ತು.

ಇಷ್ಟು ಪೀಠಿಕೆ ಸಾಕು. ಭಾನುವಾರಕ್ಕೆ ಬರೋಣ.

ರಾಯರ ಮಗ ಜೂನಾ ಬಜಾರಿನಿಂದ ಹಳೆಯ ಉಕ್ಕಿನ ಡಿಸ್ಕುಗಳನ್ನು, ಅಂದರೆ ರಿಮ್ಮುಗಳನ್ನು, ಹಳೆಯ ಟಯರುಗಳ ಸಮೇತ ಐದು ತಂದಿದ್ದ. ಬಳೆ ಬೆಸೆಯಲು ವೆಲ್ಡಿಂಗಿನವನು ತನ್ನ ಯಂತ್ರದೊಡನೆ ನಮ್ಮ ಸೊಸೈಟಿಯ ಅಂಗಳಕ್ಕೇ ಬಂದಿದ್ದ. ಟಯರು ಕಳಚಲು ಹೆದ್ದಾರಿಯ ಮಗ್ಗುಲಿನ ಟಯರು ಅಂಗಡಿಯ ಅಜ್ಜನಿಗೆ ಹೇಳಿಕಳುಹಿಸಿದ್ದರು. ಆತ ಇನ್ನೂ ಬಂದಿರಲಿಲ್ಲ. ಗಂಟೆ ಹನ್ನೆರಡೂವರೆ. ಒಳಗಿನಿಂದ ಹೋಳಿಗೆಯ ತುಪ್ಪದ ವಾಸನೆ ತೇಲಿಬರುತ್ತಿತ್ತು.

ವೆಲ್ಡಿಂಗಿನವನಿಗೆ ಇನ್ನೊಂದು ಕಡೆ ಕೆಲಸವಿತ್ತು. ಅವನು ಒಂದು ಉಪಾಯ ಹೇಳಿದ. “ಡಿಸ್ಕನ್ನು ಜೀಪಿಗೇ ಹಾಕಿ ಜಾಕಿನ ಮೇಲೆ ಎತ್ತೋಣ. ಗಾಲಿಯನ್ನು ತಿರುಗಿಸಿ ಬಳೆ ನೆಟ್ಟಗಿದೆಯೋ ನೋಡಿ ನಾಲ್ಕು ಕಡೆ ಟಾಕಾ ಹಾಕಿಬಿಡುತ್ತೇನೆ. ಟಯರನ್ನು ಆಮೇಲೆ ಕಳಚಿದರಾಯಿತು. ಗಾಳಿ ಹೇಗೂ ತೆಗೆದಿದೆಯಲ್ಲ!” ನಮಗೆ ಇದು ಬಹಳ ಸಮಂಜಸವಾಗಿ ಕಂಡಿತು. ಗಾಳಿಯಿಲ್ಲದ ಟಯರು ಸತ್ತ ಹಾವಿನಂತೆ, ಅದಕ್ಕೇನು ಹೆದರುವುದು? ಹುಡುಗ ನಮ್ಮ ಮುಖ ನೋಡಿದ. ಅಂಗಳದಲ್ಲಿದ್ದ ಹಿರಿಯರು ನಾವೇ. “ನಾಲ್ಕೇ ಟಾಕಾ ತಾನೇ, ಮುಗಿಸಿಬಿಡಿರಪ್ಪಾ, ಊಟಕ್ಕೆ ಹೊತ್ತಾಯಿತು” ಎಂದೆವು.

ಜಾಕು ಏರಿತು. ವೆಲ್ಡಿಂಗಿನವನು ಕಪ್ಪು ಕನ್ನಡಕ ಇಳಿಸಿಕೊಂಡ. ಆಗ ಗೇಟಿನ ಬಳಿ ಒಂದು ಕೂಗು ಕೇಳಿಸಿತು: “ಏ ತಮ್ಮಾ! ನಿಂದರಸು! ಮೊದಲ ಅದನ್ನ ಕೆಳಗಿಡು!”

ಅಜ್ಜ ಸೈಕಲ್ಲನ್ನು ಅಲ್ಲಿಯೇ ಕೆಡವಿ ಓಡುತ್ತ ಬಂದ. ಬಿಜಾಪುರದ ಕಡೆಯವನು, ೧೯೭೨ರ ಬರದಲ್ಲಿ ತಂದೆತಾಯಿಯೊಡನೆ ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಹುಡುಗ, ಇಲ್ಲಿಯೇ ಮುದುಕನಾದ. ಅವನ ಎಡಗೈ ಮೊಣಕೈಯ ಬಳಿ ನೆಟ್ಟಗಾಗುವುದಿಲ್ಲ. ಅದನ್ನು ನಾವು ಹಿಂದೆಯೂ ನೋಡಿದ್ದೆವು, ಕಾರಣ ಕೇಳಿರಲಿಲ್ಲ.

“ಹವಾ ತಗದೇವಲ್ಲ ಅಜ್ಜಾ” ಎಂದ ಹುಡುಗ.

“ಹವಾ ತಗದ್ರ ಏನಾತು? ರಬ್ಬರ್ ಐತಲ್ಲ ಒಳಗ? ಕಾದ ಕಬ್ಬಿಣಕ್ಕ ರಬ್ಬರ್ ಹೊಗಿ ಬಿಡತೈತಿ. ಆ ಹೊಗಿ ಒಳಗ ತುಂಬಿ ಬೆಂಕಿ ಹತ್ತಿತಂದ್ರ ಟಯರ್ ಅಲ್ಲ ಅದು, ಬಾಂಬು! ಯಾರ್ರೀ ನಿಮಗ ಹೇಳಿದವರು, ಮಾಡ್ರಿ ಅಂತ?”

ನಾವು ನಮ್ಮ ಚಪ್ಪಲಿಯನ್ನು ನೋಡಿಕೊಂಡೆವು.

ಅಜ್ಜ ಹೇಳಿದ್ದು ಅಕ್ಷರಶಃ ಸತ್ಯವೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆವು. ಟಯರು ಹೊದಿಸಿದ ರಿಮ್ಮಿಗೆ ಬೆಂಕಿಯ ಶಾಖ ತಾಗಿದರೆ ರಬ್ಬರು ಒಳಗೇ ಬೇಯುತ್ತದೆ. ಅದರಿಂದ ಹೊರಟ ಅನಿಲ ತಾನಾಗಿಯೇ ಹೊತ್ತಿಕೊಂಡು ಸಿಡಿಯಬಹುದು. ಗಾಳಿ ಇಳಿಸಿದ ಟಯರಿನಲ್ಲಿಯೂ ಈ ಅಪಾಯ ತಪ್ಪಿದ್ದಲ್ಲ. ಸಿಡಿತ ಬೆಂಕಿ ಆರಿಸಿದ ಮೇಲೆಯೂ ಆಗಬಹುದು. ಆದ್ದರಿಂದ ಟಯರು ಪೂರ್ತಿ ಕಳಚದೆ ಯಾವ ರಿಮ್ಮಿಗೂ ಬೆಸುಗೆ ಹಾಕಬಾರದೆಂಬುದು ಈ ವೃತ್ತಿಯ ಮೊದಲ ನಿಯಮ. ಟಯರಿನ ಒಂದು ಅಂಚನ್ನಷ್ಟೇ ಸಡಿಲಿಸಿದರೆ ಸಾಲದು.

ಅಂದು ಬೆಸುಗೆ ಆಗಲಿಲ್ಲ. ಹೋಳಿಗೆ ಇತ್ತು, ಆದರೆ ಯಾರ ಗಂಟಲಲ್ಲಿಯೂ ಸರಾಗವಾಗಿ ಇಳಿಯಲಿಲ್ಲ. ರಾಯರ ಮನೆಯವರ ಒತ್ತಾಯಕ್ಕೆ ಅಜ್ಜನೂ ಎಲೆಯ ಮುಂದೆ ಕುಳಿತ. ಸೊಸೆ ಮೆಲ್ಲಗೆ ಅವನ ಕೈಯ ವಿಷಯ ಕೇಳಿದಳು. ಅಜ್ಜ ಉಣ್ಣುತ್ತಲೇ ಹೇಳಿದ. ಲಾರಿಯ ಹಳೆಯ ಮಾದರಿಯ ಗಾಲಿಗಳಿಗೂ ಒಂದು ರಿಂಗು ಇರುತ್ತದೆ, ಲಾಕ್ ರಿಂಗು. ಅದಕ್ಕೆ ಬೋಲ್ಟುಗಳಿಲ್ಲ. ರಿಮ್ಮಿನ ಕಾಲುವೆಯಲ್ಲಿ ಅದು ಸರಿಯಾಗಿ ಕೂತಿದ್ದರೆ ಗಾಳಿಯೇ ಅದನ್ನು ಬಿಗಿ ಹಿಡಿಯುತ್ತದೆ. ತುಕ್ಕು ಹಿಡಿದು ಅರೆಬರೆ ಕೂತಿದ್ದರೆ ಅದೇ ಗಾಳಿ ಅದನ್ನು ಹಾರಿಸುತ್ತದೆ. ಲಾರಿಯ ಟಯರಿನಲ್ಲಿ ನೂರು ಪೌಂಡಿನಷ್ಟು ಗಾಳಿ; ರಿಂಗಿನ ಹಿಂದೆ ಇರುವುದು ಟನ್ನುಗಟ್ಟಲೆ ಬಲ. “ಹವಾ ಹಾಕಾಕತ್ತಿದ್ವಿ. ನಾ ಮಗ್ಗಲಾಗ ಇದ್ದೆ, ನನ್ನ ಜೋಡೀದಾರ ಮ್ಯಾಲ ಬಗ್ಗಿ ನಿಂತಿದ್ದ. ರಿಂಗ್ ಹಾರ್ತು. ನನಗ ಕೈಗೆ ತಾಗಿ ಹೋತು.” ಜೊತೆಗಾರನಿಗೆ ಏನಾಯಿತೆಂದು ಅಜ್ಜ ಹೇಳಲಿಲ್ಲ, ನಾವು ಯಾರೂ ಕೇಳಲೂ ಇಲ್ಲ.

ಅಮೆರಿಕದಲ್ಲಿ ಇಂಥ ಹಲವು ತುಂಡಿನ ರಿಮ್ಮುಗಳಿಗೆ ಗಾಳಿ ತುಂಬುವ ಕೆಲಸಗಾರರಿಗಾಗಿ ೧೯೮೦ರಲ್ಲಿಯೇ ನಿಯಮ ಬಂದು, ಗಾಲಿಯನ್ನು ಕಬ್ಬಿಣದ ಪಂಜರದಂಥ ತಡೆಯೊಳಗಿಟ್ಟೇ ಗಾಳಿ ತುಂಬಬೇಕೆಂದಾಯಿತು. ನಮ್ಮ ಅಜ್ಜ ಯಾವ ನಿಯಮವನ್ನೂ ಓದಿದವನಲ್ಲ. ಆದರೂ ಆ ಅಪಘಾತದ ತರುವಾಯ ತಾನೇ ಸರಳುಗಳನ್ನು ಜೋಡಿಸಿ ಒಂದು ಪಂಜರ ಮಾಡಿಕೊಂಡಿದ್ದಾನೆ.

ಮರುದಿನ ಅಜ್ಜ ಐದೂ ಡಿಸ್ಕುಗಳ ಟಯರು ಕಳಚಿ, ತುಕ್ಕು ಉಜ್ಜಿ, ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ. ಒಂದರಲ್ಲಿ ನಟ್ಟಿನ ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು. ಅದನ್ನು ಮತ್ತೆ ಯಾರೂ ಬಳಸದಂತೆ ಸುತ್ತಿಗೆಯಿಂದ ಜಜ್ಜಿಬಿಟ್ಟ. ಉಳಿದ ನಾಲ್ಕು ಬರಿಯ ರಿಮ್ಮುಗಳು ಒಂದು ಒಳ್ಳೆಯ ವರ್ಕ್‌ಶಾಪಿಗೆ ಹೋದವು. ಅಲ್ಲಿ ಬಳೆಯನ್ನು ರಿಮ್ಮಿನ ಹೊರ ತುಟಿಗೆ ಕೂಡಿಸಿ, ಡಯಲ್ ಗೇಜಿನಿಂದ ಓಲಾಟ ನೋಡಿ, ಶಾಖಕ್ಕೆ ಸೊಟ್ಟಗಾಗದಂತೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆದು, ಕೊನೆಗೆ ಬೆಸುಗೆಯನ್ನು ಎಲ್ಲಿಯೂ ಕಡಿಯದಂತೆ ಸುತ್ತು ಪೂರೈಸಿದರು. ಟ್ಯೂಬಿಲ್ಲದ ಟಯರಾದ್ದರಿಂದ ಆ ಬೆಸುಗೆಯೇ ಗಾಳಿಯ ಗೋಡೆ. ಸೂಜಿಯ ಮೊನೆಯಷ್ಟು ತೂತಿದ್ದರೂ ಬೆಳಗಾಗುವುದರೊಳಗೆ ಟಯರು ನೆಲಕಚ್ಚುತ್ತದೆ.

ಎರಡನೆಯ ಭಾನುವಾರ ಜೋಡಣೆ. ಈ ಸಲ ಯಜಮಾನಿಕೆ ಸೊಸೆಯದು. ಕಿಟ್ಟಿನೊಡನೆ ಬಂದ ಕಾಗದವನ್ನು ಅವಳು ಒಂದೊಂದೇ ವಾಕ್ಯ ಓದಿ ಹೇಳುವುದು, ಗಂಡ ಮಾಡುವುದು, ಅಜ್ಜ ನೋಡುವುದು, ನಾವು ನೋಟುಬುಕ್ಕಿನಲ್ಲಿ ಗುರುತು ಹಾಕುವುದು. ಹಿಂದಿನ ವಾರದ ನಮ್ಮ ಸಲಹೆಯನ್ನು ನೆನೆದು ಇಷ್ಟೇ ಕೆಲಸ ನಮಗೆ ಒಪ್ಪಿಸಿದ್ದರು.

ಗಾಲಿಯನ್ನು ಬಳೆಯ ಮುಖ ಮೇಲಾಗಿ ಮಲಗಿಸಿದರು. ಹೊಸ ಟಯರಿನ ಒಳಗಡೆಯ ಅಂಚಿಗೆ ಸಾಬೂನಿನ ನೀರು ಸವರಿ ರಿಮ್ಮಿನ ಮೇಲಿಂದ ಕೆಳಕ್ಕೆ ತಳ್ಳಿದರು. ಹೊರಗಡೆಯ ಅಂಚು ರಿಮ್ಮಿನೊಳಕ್ಕೆ ಹೋಗದೆ, ಬೆಸೆದ ಬಳೆಯ ಮೆಟ್ಟಿಲ ಮೇಲೆ ಕುಳಿತುಕೊಳ್ಳಬೇಕು, ಅದೂ ನಟ್ಟನಡುವೆ. ಒಂದು ಕಡೆ ವಾಲಿದರೆ ಗಾಲಿ ಮೊಟ್ಟೆಯಂತೆ ಕುಣಿಯುತ್ತದೆ. ಅದರ ಮೇಲೆ ಹೊರಬಳೆ ಇಟ್ಟು ೨೪ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿದರು. ಬೆರಳಿಗೆ ಬಾರದ ಬೋಲ್ಟನ್ನು ಪಾನಾ ಹಾಕಿ ಒತ್ತಾಯ ಮಾಡಿದರೆ ಮರೆ ಕೆಟ್ಟಿತೆಂದೇ ಅರ್ಥ. ಗಾಳಿಯ ಗನ್ನಿನಿಂದ ‘ಘರ್’ ಎಂದು ಬಿಗಿಸುವುದಂತೂ ಕೂಡದು.

ಬಳಿಕ ಬಿಗಿಸುವ ಕ್ರಮ. ಗಡಿಯಾರದ ಹನ್ನೆರಡಾದ ಮೇಲೆ ಆರು, ಮೂರಾದ ಮೇಲೆ ಒಂಬತ್ತು, ಹೀಗೆ ಯಾವಾಗಲೂ ಎದುರುಬದುರು. ಒಂದೇ ಸಲಕ್ಕೆ ಪೂರ್ತಿಯಲ್ಲ, ಮೂರು ಸುತ್ತಿನಲ್ಲಿ. ಈ ಕಿಟ್ಟಿನ ಕಾಗದದಂತೆ ಮೊದಲ ಸುತ್ತು ೭, ಎರಡನೆಯದು ೧೪, ಮೂರನೆಯದು ೨೨ ನ್ಯೂಟನ್ ಮೀಟರು. ಬೇರೆ ಕಿಟ್ಟಿಗೆ ಬೇರೆ ಅಂಕಿ. ನೆರೆಯವರ ಅಂಕಿ ನಮಗೆ ಆಗಿಬರುವುದಿಲ್ಲ. ಹೇಳಿದ ಬಿಗುವು ಬಂದೊಡನೆ ಟಾರ್ಕ್ ರೆಂಚು ‘ಟಕ್’ ಎನ್ನುತ್ತದೆ. ಒಂದು ಟಕ್ಕಿಗೆ ನಮ್ಮದೊಂದು ಗುರುತು. ಮೂರು ಸುತ್ತು, ೯೬ ಬೋಲ್ಟು, ಒಟ್ಟು ೨೮೮ ಟಕ್ಕು. ಬಿಗುವು ಎಲ್ಲ ಕಡೆ ಸಮನಾಗದಿದ್ದರೆ ಬಳೆ ಬಟ್ಟಲಿನಂತೆ ಬಾಗುತ್ತದೆ; ಸಡಿಲ ಉಳಿದ ಬೋಲ್ಟಿನ ಭಾರ ಪಕ್ಕದವುಗಳ ಮೇಲೆ ಬಿದ್ದು ಅವು ಮೊದಲು ಮುರಿಯುತ್ತವೆ.

ಮೂರನೆಯ ಗಾಲಿಯ ಕೊನೆಯ ಸುತ್ತಿನ ನಡುವೆ ಹುಡುಗನಿಗೆ ಫೋನು ಬಂತು. ಅವನು ಮಾತಾಡಿ ಬಂದು ಮುಂದುವರಿಸಿದ. ನಾವು ರಾಯರೊಡನೆ ಊರಿನ ಮಳೆಬೆಳೆಯ ಮಾತಿಗೆ ಬಿದ್ದಿದ್ದೆವು. ಕೈ ತನ್ನಷ್ಟಕ್ಕೆ ಗುರುತು ಹಾಕುತ್ತಿತ್ತು. ಸುತ್ತು ಮುಗಿಯಿತು, ಬುಕ್ಕಿನಲ್ಲಿ ೨೪ ಗುರುತು ಭರ್ತಿ. ಸೊಸೆ ಬಂದು ಬುಕ್ಕು ನೋಡಿ, “ಕಾಕಾ, ಎಲ್ಲಾ ಟಕ್ ಕೇಳಿಸ್ಕೊಂಡೇ ಹಾಕೀರಲ್ಲ?” ಎಂದಳು. ‘ಹೌದು’ ಎಂದು ಹೇಳಲು ಬಾಯಿ ತೆರೆದೆವು. ಎದುರಿಗೆ ಅಜ್ಜನ ಬಾಗಿದ ಕೈ ಕಂಡಿತು. “ಇಲ್ಲಮ್ಮಾ, ನಡುವೆ ಗಮನ ತಪ್ಪಿತು” ಎಂದೆವು. ಆ ಸುತ್ತನ್ನು ಪುನಃ ಮೊದಲಿನಿಂದ ಮಾಡಿದರು. ಐದು ಬೋಲ್ಟುಗಳು ೧೪ರಲ್ಲಿಯೇ ನಿಂತಿದ್ದವು. ಯಾರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಗಾಳಿ ತುಂಬಿದ್ದು ಅಜ್ಜನ ಅಂಗಡಿಯ ಪಂಜರದಲ್ಲಿ. ಬಳೆ ಹಿಡಿಯುವುದು ಹೊರ ಅಂಚನ್ನು ಮಾತ್ರ. ಒಳ ಅಂಚು ಮಾಮೂಲಿನಂತೆ ಗಾಳಿಯ ಒತ್ತಡದಿಂದಲೇ ‘ಢಬ್’ ಎಂದು ಕೂರಬೇಕು. ಉದ್ದನೆಯ ಪೈಪು, ದೂರದಲ್ಲಿ ಮಾಪಕ, ಗಾಲಿಯ ಮುಖದ ಎದುರು ಯಾರೂ ನಿಲ್ಲುವಂತಿಲ್ಲ. ಕಾರು ಜೀಪುಗಳ ಟಯರುಗಳಲ್ಲಿ ಅಂಚು ಕೂರಿಸಲು ೪೦ ಪೌಂಡು ಮೀರಬಾರದೆಂದು ಸಾಮಾನ್ಯವಾಗಿ ಟಯರಿನ ಮೇಲೆಯೇ ಅಚ್ಚಾಗಿರುತ್ತದೆ. ಕೂರದಿದ್ದರೆ ಗಾಳಿ ತೆಗೆದು ಸಾಬೂನು ಸವರಿ ಮತ್ತೆ ಹಾಕಬೇಕೇ ಹೊರತು ಇನ್ನಷ್ಟು ತುಂಬಬಾರದು. ಗಾಳಿಯಿರುವಾಗ ಬಳೆಯ ಒಂದು ಬೋಲ್ಟನ್ನೂ ಸಡಿಲಿಸಬಾರದು. ಇದನ್ನು ಅಜ್ಜ ಹುಡುಗನಿಂದ ಮೂರು ಸಲ ಹೇಳಿಸಿದ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಿಜವಾದ ಜಗಳ ಆಮೇಲೆ ಹುಟ್ಟಿತು.

ರಾಯರ ಮನೆಯವರ ಅಕ್ಕನ ಮೊಮ್ಮಗನಿಗೆ ಧಾರವಾಡದಲ್ಲಿ ಮುಂಜಿ. ತಾಯಿಯನ್ನು ಜೀಪಿನಲ್ಲಿ ಕರೆದೊಯ್ಯುವುದೆಂದು ಮಗ ಮೊದಲೇ ಮಾತು ಕೊಟ್ಟಿದ್ದ. ಬಳೆ ತೊಟ್ಟ ಗಾಲಿಗಳಲ್ಲಿಯೇ ಹೋಗುವುದು ಅವನ ಎಣಿಕೆ. ಏಕೆಂದರೆ ಬಳೆ, ಹೊಸ ಟಯರುಗಳ ಖರ್ಚು ತೂಗಿಸಲು ಜೀಪಿನ ಮೂಲ ಗಾಲಿಗಳನ್ನು ಮಾರಲು ನಿಶ್ಚಯಿಸಿ ಮುಂಗಡವನ್ನೂ ತೆಗೆದುಕೊಂಡುಬಿಟ್ಟಿದ್ದ.

“ಇಷ್ಟು ಬಂದೋಬಸ್ತ್ ಮಾಡಿದ ಗಾಲಿ! ಕಲ್ಲಾಗ ತಡೀತದ ಅಂದ್ರ ಡಾಂಬರದ ಮ್ಯಾಲೆ ತಡಿಯೂದುಲ್ಲೇನು?” ಎಂದು ಅವನ ವಾದ.

ಸೊಸೆ ಕಾಗದದ ಕೊನೆಯ ಸಾಲನ್ನು ಓದಿದಳು: ರಸ್ತೆಯಿಲ್ಲದ ಕಡೆಯ ಉಪಯೋಗಕ್ಕೆ ಮಾತ್ರ. ಇದರಲ್ಲಿ ಅರ್ಥವಿದೆ. ಬಳೆ, ಬೋಲ್ಟುಗಳ ಭಾರದಿಂದ ಗಾಲಿಯ ತೂಕ ಸಮತೋಲವಾಗುವುದು ಕಷ್ಟ. ವೇಗ ಏರಿದರೆ ನಡುಗುತ್ತದೆ. ನಡುಕಕ್ಕೆ ಬೋಲ್ಟು ಸಡಿಲವಾಗುತ್ತದೆ. ಹಳ್ಳದಲ್ಲಿ ನಡಿಗೆಯ ವೇಗದಲ್ಲಿ ಒಂದು ಬೋಲ್ಟು ಹೋದರೆ ನಗುತ್ತ ಹೊಸದು ಹಾಕಬಹುದು. ಖಂಬಾಟಕಿ ಘಾಟಿನಲ್ಲಿ, ಹಿಂದೆ ಮುಂದೆ ಲಾರಿಗಳಿರುವಾಗ, ಹೋದರೆ? ಕಾಯಿದೆಯೂ ಇದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ; ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.

ರಾಯರು ಕಾಯಿದೆ ಹೇಳಿದರು, ಮಗ ಕೇಳಲಿಲ್ಲ. ನಾವು ನಡುಕದ ವಿಚಾರ ಹೇಳಿದೆವು, ನಮ್ಮ ಮಾತಿಗೆ ಆಗಲೇ ಬೆಲೆ ಇಳಿದಿತ್ತು. ಕೊನೆಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ, “ಅಲ್ಲೋ, ಮಡೀ ಸೀರಿ ಉಟ್ಟು ಯಾರರೇ ಪ್ಯಾಟೀಗೆ ಹೋಗತಾರೇನೋ? ಅದಕ್ಕ ಅದು, ಇದಕ್ಕ ಇದು. ಆ ಗಾಲಿ ಮ್ಯಾಲೆ ನಾ ಬರೂದುಲ್ಲ. ರೈಲಿನ ಟಿಕೀಟು ತಗಸು” ಎಂದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದ. ಮುಂಗಡ ಹಿಂತಿರುಗಿಸುತ್ತೇನೆಂದು ಅವನು ಮರಾಠಿಯಲ್ಲಿ ಯಾರಿಗೋ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ಆ ತಿಂಗಳು ಅವನ ಕೈ ಬಿಗಿಯಾಯಿತೆಂಬುದನ್ನು ನಾವು ಬಲ್ಲೆವು. ತಾಯಿ ಮಗ ಹಳೆಯ ಗಾಲಿಗಳ ಮೇಲೆಯೇ ೪೦೦ ಕಿಲೋಮೀಟರಿಗೂ ಮಿಕ್ಕ ದಾರಿ ಹೋಗಿ ಸುಖವಾಗಿ ಬಂದರು. ಪೇಡೆಯ ಪೊಟ್ಟಣ ನಮಗೂ ಬಂತು, ಟಯರಿನ ಅಜ್ಜನಿಗೂ ಹೋಯಿತು.

ಈಗ ನಾಲ್ವರು ಗೆಳೆಯರು ಕೂಡಿ ಒಂದು ಟೆಂಪೊ ಬಾಡಿಗೆಗೆ ಹಿಡಿಯುತ್ತಾರೆ. ಬಳೆಯ ಗಾಲಿಗಳು ಅದರಲ್ಲಿ. ಜೀಪು ಮಾಮೂಲಿ ಗಾಲಿಯಲ್ಲಿ. ಗುಡ್ಡದ ಬುಡದಲ್ಲಿ ಗಾಲಿ ಬದಲಿಸಿ ಗಾಳಿಯನ್ನು ೮ ಪೌಂಡಿಗೆ ಇಳಿಸುತ್ತಾರೆ. ಮೊದಲ ಸಲವೇ ಕಲ್ಲಿನ ಹಳ್ಳದಲ್ಲಿ ಬಳೆಯಿಲ್ಲದ ಗೆಳೆಯನ ಟಯರು ಜಾರಿ ಎರಡು ಗಂಟೆ ಹೋಯಿತಂತೆ. ನಮ್ಮ ಹುಡುಗನದು ಜಾರಲಿಲ್ಲ. ತಿರುಗಿ ಬಂದು ಗಾಳಿ ಪೂರ್ತಿ ಬಿಟ್ಟು, ರೆಂಚು ಹಿಡಿದು ನೋಡಿದಾಗ ೯೬ರಲ್ಲಿ ಮೂರು ಬೋಲ್ಟು ಸ್ವಲ್ಪ ಸಡಿಲ. ಪ್ರತಿ ಪಯಣದ ಮೇಲೆಯೂ ಹೀಗೆ ನೋಡಲೇಬೇಕೆಂದು ಕಾಗದದಲ್ಲಿದೆ.

ಹಾಗೆ ನೋಡುವ ಸಂಜೆಗಳಲ್ಲಿ ಕೆಳಗಿನಿಂದ ಈಗಲೂ ಕೂಗು ಬರುತ್ತದೆ: “ಕಾಕಾ, ಬುಕ್ಕು ತಗೊಂಡು ಬರ್ರಿ.” ನಾವು ಇಳಿದುಹೋಗುತ್ತೇವೆ. ಮಾತಿಗೆ ಎಳೆಯಲು ರಾಯರು ಅಲ್ಲಿ ಇದ್ದೇ ಇರುತ್ತಾರೆ. “ಟಕ್ ಮುಗಿಯಲಿ, ಆಮೇಲೆ” ಎನ್ನುತ್ತೇವೆ.

ಮನೆಯಾಕೆಯ ಪಟ್ಟಿ ಇನ್ನೂ ಸಾಂಬಾರು ಡಬ್ಬಿಯ ಕೆಳಗೇ ಇದೆ. ಕಳೆದ ವಾರ ಅದನ್ನೊಮ್ಮೆ ತೆಗೆದು ನೋಡಿ, ನಸುನಕ್ಕು, ಅಲ್ಲಿಯೇ ಇಟ್ಟರು. ಕಾರಣವೇನೆಂದು ಕೇಳಿದೆವು. “ನಿಮ್ಮ ಪಡಸಾಲೆಯಲ್ಲಿ ಬರೆದುಬಿಡುತ್ತೀರಿ, ಹೇಳುವುದಿಲ್ಲ” ಎಂದರು. ಮುಂದಿನ ಸಂಚಿಕೆಯವರೆಗೆ ವಾಚಕರೂ ನಮ್ಮಂತೆಯೇ ಕಾಯಬೇಕು.